ಪ್ಲಗಿನ್ ಸತ್ತರೆ ಬರಹ ಎಲ್ಲಿಗೆ ಹೋಗುತ್ತೆ?

ಭಾಗ 1/9: ಆ ಚೌಕ ಕಂಸದೊಳಗೆ ಏನಿತ್ತು?

ಹಳೇ ವೆಬ್‌ಸೈಟ್ ಒಂದರಲ್ಲಿ ಏನೋ ಓದ್ತಾ ಇರ್ತೀರ. ಮಧ್ಯದಲ್ಲಿ ಇದ್ದಕ್ಕಿದ್ದಂತೆ [ಸ್ಲೈಡರ್ ಐಡಿ=12] ಅನ್ನೋ ಥರದ ಒಂದು ಸಾಲು ಬರುತ್ತೆ, ಇಂಗ್ಲಿಷ್ ಅಕ್ಷರದಲ್ಲಿ, ಚೌಕ ಕಂಸದೊಳಗೆ. ಅರ್ಥ ಆಗಲ್ಲ, ಮುಂದಕ್ಕೆ ಹೋಗ್ತೀರ.

ಆ ಜಾಗದಲ್ಲಿ ಒಂದು ಕಾಲಕ್ಕೆ ಫೋಟೋಗಳ ಸಾಲೇ ಇತ್ತು. ಯಾರೋ ಕೂತು ಆರಿಸಿ, ಹೆಸರು ಕೊಟ್ಟು ಹಾಕಿದ್ದರು. ಅದನ್ನು ತೋರಿಸುತ್ತಿದ್ದ ಪ್ಲಗಿನ್ ಈಗ ಇಲ್ಲ. ಅದರ ಹೆಸರು ಮಾತ್ರ ಕಂಸದೊಳಗೆ ಉಳಿದಿದೆ.

ಈ ಸರಣಿ ಅದರ ಇತಿಹಾಸ. ಎರಡು ಪದ ಮೊದಲೇ ತಿಳ್ಕೊಳ್ಳಿ. ವೆಬ್‌ಸೈಟ್ ನಡೆಸುವ ಮೂಲ ಸಾಫ್ಟ್‌ವೇರ್‌ಗೆ "ಕೋರ್" ಅಂತಾರೆ. ಅದಕ್ಕೆ ಹೊರಗಿನಿಂದ ಸೇರಿಸುವ ಚಿಕ್ಕ ತುಣುಕಿಗೆ "ಪ್ಲಗಿನ್". ಕೋರ್‌ನಲ್ಲಿ ಇಲ್ಲದ್ದನ್ನು ಪ್ಲಗಿನ್ ಕೊಡುತ್ತೆ. ಅದು ಎಲ್ಲರಿಗೂ ಬೇಕು ಅಂತಾದಾಗ ಕೋರ್ ತಾನೇ ಅದನ್ನು ಮಾಡೋಕೆ ಶುರು ಮಾಡುತ್ತೆ. ಆಮೇಲೆ ಹಳೇ ಪ್ಲಗಿನ್ ಬೇಡವಾಗುತ್ತೆ.

ಕೇಳೋಕೆ ಸರಳ. ಆದರೆ ಪ್ಲಗಿನ್ ಒಳಗೆ ಸೇರಿಕೊಂಡಿರುವ ನಿಮ್ಮ ಬರಹ, ಫೋಟೋ, ಪಟ್ಟಿಗಳ ಗತಿ ಏನು? ಯಾವುದು ಕೋರ್‌ಗೆ ಬಂತು ಅನ್ನೋದು ಅರ್ಧ ಕಥೆ. ಬರುವಾಗ ಹಳೆಯದನ್ನು ಹೊತ್ತು ತಂದರಾ, ದಾರಿಯಲ್ಲೇ ಬಿಟ್ಟರಾ ಅನ್ನೋದು ಉಳಿದರ್ಧ. ನಾವು ನೋಡೋದು ಆ ಉಳಿದರ್ಧ. ಉದಾಹರಣೆಗೆ ತಗೊಳ್ಳೋದು ವರ್ಡ್‌ಪ್ರೆಸ್. ಕಾಲೇಜಿನ ಸೈಟ್‌ನಿಂದ ಪತ್ರಿಕೆಗಳವರೆಗೆ ಎಲ್ಲಾ ಕಡೆ ಇರೋ ಸಾಫ್ಟ್‌ವೇರ್ ಅದು.

ಭಾಗ 2/9: 2003, ಹತ್ತೊಂಬತ್ತು ವರ್ಷದ ಹುಡುಗ

ಅಮೆರಿಕದ ಹ್ಯೂಸ್ಟನ್. ಮ್ಯಾಟ್ ಮುಲೆನ್‌ವೆಗ್ ಅವರಿಗೆ ಆಗ 19. ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಅವರು ತಮ್ಮ ಬರಹಕ್ಕೆ ಬಳಸುತ್ತಿದ್ದ ಸಾಫ್ಟ್‌ವೇರ್ ಹೆಸರು ಬಿ2, ಪೂರ್ತಿ ಹೇಳಿದರೆ ಬಿ2/ಕೆಫೆಲಾಗ್. ಬರೆದವರು ಮಿಶೆಲ್ ವಾಲ್ಡ್ರಿಗಿ. ಇದ್ದಕ್ಕಿದ್ದಂತೆ ಅದರ ಕೆಲಸ ನಿಂತುಹೋಯ್ತು. ಅಪ್‌ಡೇಟ್ ಇಲ್ಲ, ಮುಂದೇನು ಅಂತ ಹೇಳೋರೂ ಇಲ್ಲ.

ಬೇರೆ ಕಂಪನಿಯ ಸಾಫ್ಟ್‌ವೇರ್ ಆಗಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಆದರೆ ಬಿ2 ಜಿಪಿಎಲ್ ಲೈಸೆನ್ಸ್‌ನಲ್ಲಿತ್ತು. ಅಂದ್ರೆ ಅದರ ಕೋಡ್ ಅನ್ನು ಯಾರು ಬೇಕಾದರೂ ತಗೊಂಡು, ಬದಲಾಯಿಸಿ, ಅದೇ ಷರತ್ತಿನಲ್ಲಿ ಮತ್ತೆ ಹಂಚಬಹುದು. ಹೀಗೆ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದು ಕವಲು ಹೊರಡೋದಕ್ಕೆ "ಫೋರ್ಕ್" ಅಂತಾರೆ. ಬಿ2ನಿಂದ ಕವಲು ತೆಗೆಯೋ ಯೋಚನೆಯನ್ನು ಮುಲೆನ್‌ವೆಗ್ ಜನವರಿಯಲ್ಲಿ ಬರೆದುಕೊಂಡರು. ಇಂಗ್ಲೆಂಡಿನ ಮೈಕ್ ಲಿಟಲ್ ಜೊತೆಗೂಡಿದರು. 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ 0.7 ಹೊರಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಬಿ2ನಲ್ಲಿ ಈಗಾಗಲೇ ಬರೆದಿದ್ದವರು ವರ್ಡ್‌ಪ್ರೆಸ್‌ಗೆ ಬಂದಾಗ ಹಳೇ ಬರಹಗಳನ್ನು ಒಳಗೆ ತಂದುಕೊಳ್ಳೋಕೆ ದಾರಿ ಇಟ್ಟಿದ್ದರು. ಹೊಸ ಮನೆಗೆ ಹೋಗುವಾಗ ಹಳೇ ಸಾಮಾನು ಸಾಗಿಸೋಕೆ ಗಾಡಿ ಮಾಡಿಕೊಟ್ಟ ಹಾಗೆ. ಸತ್ತ ಸಾಫ್ಟ್‌ವೇರ್‌ನಿಂದ ಬರಹವನ್ನು ಉಳಿಸಿಕೊಳ್ಳೋ ಕೆಲಸದಿಂದಲೇ ವರ್ಡ್‌ಪ್ರೆಸ್ ಹುಟ್ಟಿದ್ದು. ಮುಂದೆ ಬರೋದನ್ನೆಲ್ಲ ಈ ಅಳತೆಗೋಲು ಇಟ್ಕೊಂಡು ನೋಡಿ.

ಭಾಗ 3/9: ಗೋಡೆ ಒಡೆಯೋದು ಬೇಡ, ಪ್ಲಗ್ ಪಾಯಿಂಟ್ ಕೊಡಿ

ಮೊದಮೊದಲು ವರ್ಡ್‌ಪ್ರೆಸ್‌ನಲ್ಲಿ ಇಲ್ಲದ್ದು ಬೇಕು ಅಂದ್ರೆ ಜನ ಕೋರ್ ಫೈಲ್‌ಗಳನ್ನೇ ತೆರೆದು ಅಲ್ಲೇ ಕೋಡ್ ಸೇರಿಸುತ್ತಿದ್ದರು. ಮುಂದಿನ ಅಪ್‌ಡೇಟ್ ಬಂದಾಗ ಹೊಸ ಫೈಲ್ ಹಳೆಯದರ ಮೇಲೆ ಕೂತು, ಸೇರಿಸಿದ್ದೆಲ್ಲ ಅಳಿಸಿಹೋಗ್ತಿತ್ತು. ಅಪ್‌ಡೇಟ್ ಮಾಡದೇ ಬಿಟ್ಟರೆ ಸುರಕ್ಷತೆ ಇಲ್ಲ. ಎರಡೂ ಕಡೆ ಪೇಚು.

2004ರ ಮೇ ತಿಂಗಳಲ್ಲಿ ಬಂದ 1.2 ಆವೃತ್ತಿ ಇದಕ್ಕೆ ದಾರಿ ಹುಡುಕ್ತು. ಅದರ ಹೆಸರು "ಮಿಂಗಸ್", ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ನೆನಪಿಗೆ. ವರ್ಡ್‌ಪ್ರೆಸ್‌ನ ದೊಡ್ಡ ಆವೃತ್ತಿಗಳಿಗೆಲ್ಲ ಜಾಝ್ ಕಲಾವಿದರ ಹೆಸರಿಡೋದು ರೂಢಿ.

1.2ರಲ್ಲಿ ಬಂದದ್ದು "ಹುಕ್" ಅನ್ನೋ ವ್ಯವಸ್ಥೆ. ಮನೆಗೆ ಮಿಕ್ಸರ್ ತಂದಾಗಲೆಲ್ಲ ಗೋಡೆ ಒಡೆದು ವೈರ್ ಎಳೀತೀವಾ? ಇಲ್ಲ, ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇರುತ್ತೆ, ಸಿಕ್ಕಿಸ್ತೀವಿ, ಸಾಕು. ಹುಕ್ ಅಂದ್ರೆ ಅದೇ. "ಬರಹ ಪ್ರಕಟವಾಗುವ ಹೊತ್ತು", "ಬರಹ ಪರದೆಗೆ ಹೋಗುವ ಮುಂಚಿನ ಹೊತ್ತು" ಅಂತ ಕೋರ್ ತನ್ನ ಕೆಲಸದ ನಡುವೆ ಅಲ್ಲಲ್ಲಿ ಪಾಯಿಂಟ್ ಇಟ್ಟಿದೆ. ಪ್ಲಗಿನ್ ಅಲ್ಲಿ ಸಿಕ್ಕಿಕೊಳ್ಳುತ್ತೆ. ಕೋರ್ ಬದಲಾದರೂ ಪಾಯಿಂಟ್ ಅಲ್ಲೇ ಇದ್ದರೆ ಪ್ಲಗಿನ್ ಕೆಲಸ ಮಾಡುತ್ತೆ.

ಇದರ ಜೊತೆ ಒಂದು ನೀತಿಯೂ ಬೆಳೀತು. ಬಳಕೆದಾರರಲ್ಲಿ 80% ಜನ ನಿಜವಾಗಿ ಬಳಸುವಂಥದ್ದು ಮಾತ್ರ ಕೋರ್‌ನಲ್ಲಿರಬೇಕು, ಉಳಿದದ್ದು ಪ್ಲಗಿನ್ ಆಗಿರಲಿ. ಓದೋಕೆ ಚೆನ್ನಾಗಿದೆ. ಆದರೆ ಇವತ್ತು 10% ಜನಕ್ಕೆ ಬೇಕಾದ್ದು ನಾಳೆ 80% ಜನಕ್ಕೆ ಬೇಕಾಗಬಹುದಲ್ವಾ? ಆಗ ಏನು ಮಾಡೋದು? ಮೂರೇ ವರ್ಷದಲ್ಲಿ ಆ ಪ್ರಶ್ನೆ ಬಂದೇಬಿಡ್ತು.

ಭಾಗ 4/9: 2007, ಟ್ಯಾಗ್‌ಗಳ ಸಾಗಣೆ

ಈ ಪೋಸ್ಟ್ ಕೆಳಗೆ ನಾನು ಹ್ಯಾಶ್‌ಟ್ಯಾಗ್ ಹಾಕಿದ್ದೀನಿ, ಯಾರಿಗೂ ಅದು ವಿಶೇಷ ಅನ್ನಿಸಲ್ಲ. 2007ರ ಮಧ್ಯದವರೆಗೂ ವರ್ಡ್‌ಪ್ರೆಸ್ ಕೋರ್‌ನಲ್ಲಿ ಟ್ಯಾಗ್ ಅನ್ನೋದೇ ಇರಲಿಲ್ಲ. ಕೆಟಗರಿ ಮಾತ್ರ ಇತ್ತು. ಟ್ಯಾಗ್ ಬೇಕು ಅನ್ನೋರು "ಅಲ್ಟಿಮೇಟ್ ಟ್ಯಾಗ್ ವಾರಿಯರ್", "ಜೆರೋಮ್ಸ್ ಕೀವರ್ಡ್ಸ್" ಥರದ ಪ್ಲಗಿನ್ ಹಾಕ್ಕೊಳ್ತಿದ್ದರು.

ಒಂದೊಂದು ಪ್ಲಗಿನ್ ಟ್ಯಾಗ್‌ಗಳನ್ನು ತನ್ನದೇ ರೀತಿಯಲ್ಲಿ ಕೂಡಿಡ್ತಿತ್ತು. ವಾರಿಯರ್ ಡೇಟಾಬೇಸ್‌ನಲ್ಲಿ ತನಗೇ ಅಂತ ಬೇರೆ ಟೇಬಲ್ ಮಾಡ್ಕೊಂಡಿತ್ತು. ಅಂದ್ರೆ ಐನೂರು ಬರಹಕ್ಕೆ ಟ್ಯಾಗ್ ಹಾಕಿದವರ ದುಡಿಮೆ ಎಲ್ಲ ಆ ಒಂದು ಪ್ಲಗಿನ್‌ನ ಪೆಟ್ಟಿಗೆಯಲ್ಲಿ. ಕೀಲಿಕೈ ಅದರ ಹತ್ತಿರ.

ಮೇ ತಿಂಗಳ 2.2 ಆವೃತ್ತಿಯಲ್ಲೇ ಟ್ಯಾಗ್ ಬರಬೇಕಿತ್ತು. ಮಾಡಿದ್ದ ರೀತಿ ಸರಿಯಿಲ್ಲ ಅಂತ ತೆಗೆದು ಮುಂದಕ್ಕೆ ಹಾಕಿದರು. ಸೆಪ್ಟೆಂಬರ್‌ನಲ್ಲಿ 2.3 ಬಂದಾಗ ಡೇಟಾಬೇಸ್‌ನ ಆ ಭಾಗವನ್ನೇ ಹೊಸದಾಗಿ ಕಟ್ಟಿದ್ದರು. ಕೆಟಗರಿಯ ಹಳೇ ಟೇಬಲ್‌ಗಳು ಹೋದವು. ಕೆಟಗರಿ, ಟ್ಯಾಗ್ ಎರಡೂ ಕೂರುವಂಥ ಮೂರು ಹೊಸ ಟೇಬಲ್ ಬಂದವು. ಇವತ್ತಿಗೂ ನಡೆಯುತ್ತಿರೋದು ಅದೇ ಅಡಿಪಾಯದ ಮೇಲೆ.

ನನಗೆ ದೊಡ್ಡದಾಗಿ ಕಾಣೋದು ಇನ್ನೊಂದು ಸಂಗತಿ. 2.3ರ ಜೊತೆಗೇ ಇಂಪೋರ್ಟರ್‌ಗಳನ್ನು ಕೊಟ್ಟರು. ವಾರಿಯರ್‌ನಲ್ಲಿದ್ದ ಟ್ಯಾಗ್, ಕೀವರ್ಡ್ಸ್‌ನಲ್ಲಿದ್ದ ಟ್ಯಾಗ್, ಎಲ್ಲವನ್ನೂ ಕೋರ್‌ನೊಳಗೆ ತರುವ ಸಾಧನಗಳು. ಪ್ಲಗಿನ್ ಬರೆದವರ ಕೆಲಸ ಅಲ್ಲಿಗೆ ಮುಗೀತು, ಬಿಟ್ಟಿಯಾಗಿ ದುಡಿದು ದಾರಿ ತೋರಿಸಿದವರು ಅವರು. ಆದರೆ ಅವರನ್ನು ನಂಬಿ ಬರೆದವರ ಟ್ಯಾಗ್ ಮುಗೀಲಿಲ್ಲ. ಪ್ಲಗಿನ್ ಹೋಗಲಿ, ಬರಹ ಇರಲಿ: 2.3 ಮಾಡಿ ತೋರಿಸಿದ್ದು ಇದು.

ಭಾಗ 5/9: 2008ರಿಂದ 2010, ಸುಲಭವಾಯ್ತು, ಗಂಟೂ ಬಿತ್ತು

2008ರ ಮಾರ್ಚ್‌ನಲ್ಲಿ 2.5 ಆವೃತ್ತಿ "ಶಾರ್ಟ್‌ಕೋಡ್" ತಂತು. ಬರಹದ ಮಧ್ಯೆ ಚೌಕ ಕಂಸದಲ್ಲಿ ಒಂದು ಪದ ಬರೀರಿ, ಪುಟ ತೆರೆದಾಗ ಆ ಜಾಗಕ್ಕೆ ಗ್ಯಾಲರಿ ಬರುತ್ತೆ. ಕೋಡ್ ಗೊತ್ತಿಲ್ಲದವರಿಗೆ ಇದು ಹಬ್ಬ. ಪ್ಲಗಿನ್ ಮಾಡೋರಿಗೂ ಹಬ್ಬ. ಸ್ಲೈಡರ್, ಬಟನ್, ಕಾಲಂ, ಫಾರಂ, ಎಲ್ಲಕ್ಕೂ ಒಂದೊಂದು ಶಾರ್ಟ್‌ಕೋಡ್.

ಭಾಗ 1ರ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತೆ. ಬರಹದಲ್ಲಿ ಉಳಿಯೋದು ಕಂಸದ ಪದ ಮಾತ್ರ. ಅದರ ಅರ್ಥ ಇರೋದು ಪ್ಲಗಿನ್‌ನಲ್ಲಿ. ಪ್ಲಗಿನ್ ತೆಗೆದರೆ ಕೋರ್‌ಗೆ ಆ ಪದ ಯಾವುದು ಅಂತಲೇ ಗೊತ್ತಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೇ ತೋರಿಸಿಬಿಡುತ್ತೆ. ಟ್ಯಾಗ್‌ಗೆ ಸಿಕ್ಕ ಸಾಗಣೆಯ ಗಾಡಿ ಇಲ್ಲಿ ಸಿಗಲಿಲ್ಲ. ಸಾವಿರಾರು ಪ್ಲಗಿನ್, ಒಂದೊಂದಕ್ಕೂ ಒಂದೊಂದು ಭಾಷೆ. ಎಲ್ಲಕ್ಕೂ ಇಂಪೋರ್ಟರ್ ಬರೆಯೋರು ಯಾರು?

2010ರ ಜೂನ್‌ನಲ್ಲಿ 3.0 ಬಂತು. ಅದರಲ್ಲಿ "ಕಸ್ಟಮ್ ಪೋಸ್ಟ್ ಟೈಪ್" ಪೂರ್ತಿಯಾಗಿ ಬಳಕೆಗೆ ಸಿಕ್ತು. ಕಾಲೇಜು ಸೈಟ್ ಅಂದುಕೊಳ್ಳಿ. "ಕಾರ್ಯಕ್ರಮಗಳು", "ಅಧ್ಯಾಪಕರು" ಅಂತ ಬೇರೆ ಬೇರೆ ಬಗೆಯ ಬರಹ ಮಾಡ್ಕೊಳ್ಳಬಹುದು. ಒಳ್ಳೇದೇ. ಆದರೆ ಅಂಥ ಬಗೆಯನ್ನು ನೋಂದಾಯಿಸೋದು ಬಹಳ ಸಲ ಥೀಮ್ ಅಥವಾ ಪ್ಲಗಿನ್. ಥೀಮ್ ಬದಲಾಯಿಸಿದ ದಿನ "ಅಧ್ಯಾಪಕರು" ಮೆನುವೇ ಕಾಣಲ್ಲ, ಎಲ್ಲ ಅಳಿಸಿಹೋಯ್ತು ಅಂತ ಗಾಬರಿ.

ಗಾಬರಿ ಬೇಡ. ಬರಹಗಳು ಡೇಟಾಬೇಸ್‌ನಲ್ಲೇ ಇರ್ತವೆ, ಅವುಗಳ ಬಗೆ ಯಾವುದು ಅಂತ ಕೋರ್‌ಗೆ ಹೇಳೋರು ಇಲ್ಲ ಅಷ್ಟೇ. ಅದೇ ಹೆಸರಿನಲ್ಲಿ ಬಗೆಯನ್ನು ಮತ್ತೆ ನೋಂದಾಯಿಸಿದರೆ ವಾಪಸ್ ಕಾಣ್ತವೆ. ಇದು ಗೊತ್ತಿಲ್ಲದೆ ಎಲ್ಲವನ್ನೂ ಮತ್ತೆ ಟೈಪ್ ಮಾಡೋಕೆ ಕೂರಬೇಡಿ.

ಭಾಗ 6/9: 2011, ಮರೆತು ಬಿಟ್ಟ ಒಂದು ಫೈಲ್

ಬಿಟ್ಟುಹೋದ ಹಳೇ ತುಣುಕಿನಿಂದ ಬರಹ ಕಳೆಯೋದು ಒಂದು ಕಥೆಯಾದರೆ, ಅದೇ ತುಣುಕಿನಿಂದ ಕಳ್ಳ ಒಳಗೆ ಬರೋದು ಇನ್ನೊಂದು.

ಬರಹಕ್ಕೊಂದು ಮುಖ್ಯ ಚಿತ್ರ, ಅದರ ಚಿಕ್ಕ ರೂಪ ಮೊದಲ ಪುಟದಲ್ಲಿ. ಇವತ್ತು ಸಾಮಾನ್ಯ. ಮೊದಲು ಕೋರ್‌ನಲ್ಲಿ ಇದಕ್ಕೆ ವ್ಯವಸ್ಥೆ ಇರಲಿಲ್ಲ. ಆ ಕೆಲಸವನ್ನು "ಟಿಮ್‌ಥಂಬ್" ಅನ್ನೋ ಚಿಕ್ಕ ಪಿಎಚ್‌ಪಿ ಫೈಲ್ ಮಾಡ್ತಿತ್ತು. ಥೀಮ್ ಮಾಡೋರು ಅದನ್ನು ತಮ್ಮ ಥೀಮ್ ಒಳಗೇ ಇಟ್ಟು ಹಂಚಿದರು. 2009ರ ಡಿಸೆಂಬರ್‌ನಲ್ಲಿ 2.9 ಆವೃತ್ತಿ ಮುಖ್ಯ ಚಿತ್ರದ ಸೌಲಭ್ಯವನ್ನು ಕೋರ್‌ಗೇ ತಂತು. ಆದರೂ ಹಳೇ ಥೀಮ್‌ಗಳಲ್ಲಿ ಟಿಮ್‌ಥಂಬ್ ಹಾಗೇ ಕೂತಿತ್ತು.

2011ರ ಆಗಸ್ಟ್‌ನಲ್ಲಿ ಮಾರ್ಕ್ ಮಾಂಡರ್ ಅನ್ನೋರ ಸೈಟ್‌ಗೆ ಯಾರೋ ನುಗ್ಗಿದರು. ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ಫೈಲ್. ಟಿಮ್‌ಥಂಬ್ ಫ್ಲಿಕರ್, ಬ್ಲಾಗರ್ ಥರದ ಕೆಲವು ನಂಬಿಕಸ್ಥ ಸೈಟ್‌ಗಳಿಂದ ಚಿತ್ರ ತರಿಸಿಕೊಳ್ತಿತ್ತು. ಆದರೆ ವಿಳಾಸದಲ್ಲಿ ಆ ಹೆಸರು ಎಲ್ಲಾದರೂ ಇದೆಯಾ ಅಂತ ಮಾತ್ರ ನೋಡ್ತಿತ್ತು. ಕಳ್ಳ ತನ್ನ ವಿಳಾಸದ ಮುಂದೆ ಆ ಹೆಸರು ಅಂಟಿಸಿಕೊಂಡರೆ ಸಾಕು, ಬಾಗಿಲು ತೆರೀತಿತ್ತು. ಚಿತ್ರದ ಬದಲು ಬಂದದ್ದು ಕೋಡ್. ಅದು ಕೂರುತ್ತಿದ್ದ ಜಾಗ ಹೊರಗಿನಿಂದ ಯಾರು ಬೇಕಾದರೂ ತೆರೆಯಬಹುದಾದ ಫೋಲ್ಡರ್.

ಮಾಂಡರ್ ಅದನ್ನು ಹೊಸದಾಗಿ ಬರೆದರು, ಆ ಕೆಲಸ ಟಿಮ್‌ಥಂಬ್ 2.0ಗೆ ಸೇರ್ತು. 2014ರಲ್ಲಿ ಅದನ್ನು ನೋಡಿಕೊಳ್ತಿದ್ದ ಬೆನ್ ಗಿಲ್‌ಬ್ಯಾಂಕ್ಸ್ ಇನ್ನು ಮುಂದುವರಿಸಲ್ಲ ಅಂತ ಹೇಳಿ ನಿಲ್ಲಿಸಿದರು.

ಇದರಲ್ಲಿ ನೆನಪಿಡಬೇಕಾದ್ದು ಒಂದಿದೆ. ಥೀಮ್ ಬಳಕೆಯಲ್ಲಿ ಇಲ್ಲದಿದ್ದರೂ, ಫೈಲ್ ಸರ್ವರ್‌ನಲ್ಲಿ ಇದ್ದರೆ ಸಾಕು, ಹೊರಗಿನಿಂದ ಅದನ್ನು ಕರೀಬಹುದು. "ಆಫ್ ಮಾಡಿದ್ದೀನಿ" ಅಂದ್ರೆ "ತೆಗೆದಿದ್ದೀನಿ" ಅಂತ ಅಲ್ಲ.

ಭಾಗ 7/9: 2018, ಕೋರ್ ಬದಲಾದಾಗ ಜನ ಸಿಟ್ಟಾದರು

2010ರ ದಶಕದಲ್ಲಿ ಪುಟದ ವಿನ್ಯಾಸಕ್ಕೂ ಪ್ಲಗಿನ್‌ಗಳೇ. ಅಂಥ ಕೆಲವು ಪ್ಲಗಿನ್‌ಗಳಲ್ಲಿ ಕಟ್ಟಿದ ಪುಟ ಒಳಗೆ ನೋಡಿದರೆ ಶಾರ್ಟ್‌ಕೋಡ್‌ಗಳ ಕಾಡು. ಪ್ಲಗಿನ್ ತೆಗೆದ ದಿನ ಕಾಡು ಹೊರಗೆ ಕಾಣುತ್ತೆ.

2018ರ ಡಿಸೆಂಬರ್ 6ರಂದು ಬಂದ 5.0 ಆವೃತ್ತಿ ಇದಕ್ಕೆ ಕೋರ್‌ನಿಂದಲೇ ಉತ್ತರ ಕೊಡ್ತು. ಅದೇ "ಬ್ಲಾಕ್" ಎಡಿಟರ್. ಯೋಜನೆಯ ಹೆಸರು ಗುಟೆನ್‌ಬರ್ಗ್, ಯುರೋಪಿನಲ್ಲಿ ಅಚ್ಚುಮೊಳೆ ಮುದ್ರಣ ತಂದವನ ನೆನಪಿಗೆ. ಪ್ಯಾರಾ ಒಂದು ಬ್ಲಾಕ್, ಚಿತ್ರ ಒಂದು ಬ್ಲಾಕ್, ಕಾಲಂ ಒಂದು ಬ್ಲಾಕ್.

ಒಳಗೆ ಕೂಡಿಡುವ ರೀತಿ ಶಾರ್ಟ್‌ಕೋಡ್‌ಗಿಂತ ಜಾಣತನದ್ದು. ಸಾಮಾನ್ಯ ಬ್ಲಾಕ್ ಆದರೆ ಬರಹ ಎಚ್‌ಟಿಎಂಎಲ್‌ನಲ್ಲೇ ಪೂರ್ತಿ ಇರುತ್ತೆ. ಬ್ಲಾಕ್ ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೋದು ಓದುಗರಿಗೆ ಕಾಣದ ಟಿಪ್ಪಣಿಯಾಗಿ ಅಕ್ಕಪಕ್ಕ ಕೂತಿರುತ್ತೆ. ನಾಳೆ ಎಡಿಟರ್ ಹೋದರೂ ಟಿಪ್ಪಣಿ ಕಾಣಲ್ಲ, ಬರಹ ಕಾಣುತ್ತೆ. ಹಳೇ ಬರಹಗಳಿಗೆ "ಕ್ಲಾಸಿಕ್" ಅಂತ ಒಂದು ಬ್ಲಾಕ್ ಇಟ್ಟರು. ತೆರೆದರೆ ಅದರೊಳಗೆ ಹಾಗೇ ಬರುತ್ತೆ, ಬೇಕಾದಾಗ ಬಿಡಿಸಿಕೊಳ್ಳಬಹುದು.

ಹಾಗಿದ್ದೂ ಜಗಳ ಆಯ್ತು, ಅದರಲ್ಲಿ ನ್ಯಾಯವೂ ಇತ್ತು. ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ, ಮೌಸ್ ಇಲ್ಲದೆ ಕೀಬೋರ್ಡ್ ಮಾತ್ರ ಬಳಸೋರಿಗೆ ಹೊಸ ಎಡಿಟರ್ ಕಷ್ಟ ಅನ್ನೋ ದೂರು ಬಂತು. ಅಕ್ಟೋಬರ್‌ನಲ್ಲಿ ಆ ಕೆಲಸದ ತಂಡದ ಮುಖ್ಯಸ್ಥೆ ರಾಜೀನಾಮೆಯನ್ನೇ ಕೊಟ್ಟರು. ಒಂದು ಗುಂಪು "ಕ್ಲಾಸಿಕ್‌ಪ್ರೆಸ್" ಅಂತ ಬೇರೆ ಕವಲು ತೆಗೀತು. ಬಿ2ನಿಂದ ವರ್ಡ್‌ಪ್ರೆಸ್ ತೆಗೆದ ಹಾಗೇ, ಅದೇ ಜಿಪಿಎಲ್ ಹಕ್ಕಿನಿಂದ!

ಇನ್ನೊಂದು ತಮಾಷೆ ನೋಡಿ. ಕೋರ್‌ನಲ್ಲಿದ್ದ ಹಳೇ ಎಡಿಟರ್ ಈಗ "ಕ್ಲಾಸಿಕ್ ಎಡಿಟರ್" ಅನ್ನೋ ಪ್ಲಗಿನ್ ಆಯ್ತು. 2021ರವರೆಗೆ ಮಾತ್ರ ಬೆಂಬಲ ಅಂದಿದ್ದರು, ಆಮೇಲೆ ಮುಂದೂಡಿದರು. ಲಕ್ಷಾಂತರ ಜನ ಅದನ್ನು ಬಿಡಲಿಲ್ಲ. ಪ್ಲಗಿನ್‌ನಿಂದ ಕೋರ್‌ಗೆ ಹೋಗೋ ದಾರಿಯಲ್ಲಿ ವಾಪಸ್ ಬರೋ ಗಾಡಿಗಳೂ ಓಡಾಡ್ತವೆ.

ಭಾಗ 8/9: ಇದೇ ಕಥೆ, ನಮ್ಮ ಅಕ್ಷರಗಳಿಗೆ

ಒಂದು ನಿಮಿಷ ವರ್ಡ್‌ಪ್ರೆಸ್ ಬಿಟ್ಟು ಕನ್ನಡಕ್ಕೆ ಬನ್ನಿ. ಯಾಕಂದ್ರೆ ಇದೇ ಇತಿಹಾಸ ನಮ್ಮ ಅಕ್ಷರಗಳ ಮಟ್ಟದಲ್ಲೂ ನಡೆದಿದೆ.

ಕಂಪ್ಯೂಟರ್‌ಗೆ ತಾನಾಗಿ ಕನ್ನಡ ಬರದ ಕಾಲದಲ್ಲಿ ನಾವು ಹೊರಗಿನಿಂದ ಸೇರಿಸಿಕೊಂಡ ಸೌಲಭ್ಯಗಳು ಬರಹ ಮತ್ತು ನುಡಿ. "ಬರಹ" 1998ರಲ್ಲಿ ಬಂತು, ಮಾಡಿದವರು ಶೇಷಾದ್ರಿವಾಸು. "ನುಡಿ" ಮಾಡಿದ್ದು ಕನ್ನಡ ಗಣಕ ಪರಿಷತ್ತು. ಇವು ಇಲ್ಲದಿದ್ದರೆ ಎಷ್ಟೋ ಪುಸ್ತಕ, ಪತ್ರಿಕೆ, ಕಚೇರಿ ಕಡತ ಕಂಪ್ಯೂಟರ್‌ಗೆ ಬರ್ತಾನೇ ಇರಲಿಲ್ಲ. ಆದರೆ ಆ ಕಾಲದ ಫಾಂಟ್‌ಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆ. ಶಾರ್ಟ್‌ಕೋಡ್ ಕಥೆಯೇ ಅಲ್ವಾ?

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದ್ದೇ ಜಾಗ 1991ರ ಮೊದಲ ಆವೃತ್ತಿಯಿಂದಲೂ ಇದೆ. 2001ರ ವಿಂಡೋಸ್ ಎಕ್ಸ್‌ಪಿ "ತುಂಗಾ" ಫಾಂಟ್ ಜೊತೆ ಬಂದು, ಕನ್ನಡ ಕಂಪ್ಯೂಟರ್‌ನ ಒಳಗಿನ ಸೌಲಭ್ಯವಾಯ್ತು. ಈಗ ನಿಮ್ಮ ಫೋನ್‌ನಲ್ಲಿ ಫಾಂಟ್ ಹುಡುಕದೆ ಇದನ್ನು ಓದ್ತಿರೋದು ಅದರಿಂದಲೇ. ನುಡಿ, ಬರಹಗಳೂ ಆಮೇಲೆ ಯುನಿಕೋಡ್ ಕಲಿತವು.

ಹಳೇ ಫೈಲ್‌ಗಳ ಗತಿ? ಅವಕ್ಕೆ ಕನ್ವರ್ಟರ್‌ಗಳು ಬಂದವು, ಅದು ಸುಲಭದ ಕೆಲಸವಲ್ಲ. "ಸೂರ್ಯ" ಪದ ನೋಡಿ. ಹಳೇ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮ, ಮೊದಲು ಯ, ಆಮೇಲೆ ಅರ್ಕಾವೊತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಮೊದಲು ರ್, ಆಮೇಲೆ ಯ. ಕನ್ವರ್ಟರ್ ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಆ ಒಂದು ಒತ್ತಿನ ಬಗ್ಗೆ ತಲೆ ಕೆಡಿಸಿಕೊಂಡವರು ಇದ್ದದ್ದಕ್ಕೆ ನಮ್ಮ ಹಳೇ ಬರಹ ಇವತ್ತು ಹುಡುಕಿದರೆ ಸಿಗುತ್ತೆ. ಯಾರೂ ಕನ್ವರ್ಟ್ ಮಾಡದ ಫೈಲ್‌ಗಳು ಇನ್ನೂ ಹಳೇ ಕಂಪ್ಯೂಟರ್, ಸಿಡಿಗಳಲ್ಲಿ ಕಾಯ್ತಾ ಇವೆ.

ಭಾಗ 9/9: ಈಗ ನಿಮ್ಮ ಸರದಿ

ಕಾಲೇಜಿನ ಸೈಟ್, ವಾರ್ಷಿಕ ಸಂಚಿಕೆಯ ಪುಟ, ಊರಿನ ಸಂಘದ ಸೈಟ್, ಯಾವುದೋ ಒಂದರ ಪಾಸ್‌ವರ್ಡ್ ನಿಮ್ಮಲ್ಲಿ ಕೆಲವರ ಕೈಗೆ ಬಂದೇ ಬರುತ್ತೆ. ಹಿಂದಿನ ಬ್ಯಾಚ್‌ನವರು ಹಾಕಿದ ಇಪ್ಪತ್ತು ಪ್ಲಗಿನ್ ಜೊತೆ. ಆಗ ಈ ಇತಿಹಾಸ ಹೀಗೆ ಕೆಲಸಕ್ಕೆ ಬರುತ್ತೆ:

ಒಂದು, ಏನು ಮುಟ್ಟುವ ಮೊದಲೂ ಬ್ಯಾಕಪ್. ಫೈಲ್‌ಗಳದ್ದೂ ಬೇಕು, ಡೇಟಾಬೇಸ್‌ದೂ ಬೇಕು. ಸಾಧ್ಯವಾದರೆ ಸೈಟ್‌ನ ಒಂದು ನಕಲು ಮಾಡಿ, ಪ್ರಯೋಗ ಅದರ ಮೇಲೆ ಮಾಡಿ.

ಎರಡು, ಪ್ರತಿ ಪ್ಲಗಿನ್‌ಗೂ ಕೇಳಿ: ಇದು ಮಾಡೋದನ್ನು ಕೋರ್ ಈಗ ತಾನೇ ಮಾಡುತ್ತಾ? ಸರ್ಚ್ ಎಂಜಿನ್‌ಗೆ ಕೊಡುವ ಸೈಟ್‌ಮ್ಯಾಪ್, ಸ್ಕ್ರಾಲ್ ಮಾಡಿದಾಗ ಮಾತ್ರ ಚಿತ್ರ ಲೋಡ್ ಆಗೋದು, ಎರಡೂ 2020ರ 5.5 ಆವೃತ್ತಿಯಿಂದ ಕೋರ್‌ನಲ್ಲೇ ಇವೆ. ಗ್ಯಾಲರಿ, ಕಾಲಂ, ಬಟನ್‌ಗೆ ಬ್ಲಾಕ್ ಇದೆ.

ಮೂರು, ಪ್ಲಗಿನ್ ಏನನ್ನು ಎಲ್ಲಿ ಕೂಡಿಟ್ಟಿದೆ ನೋಡಿ. ಬರಹದೊಳಗೆ ಶಾರ್ಟ್‌ಕೋಡ್ ಆಗಿಯಾ, ತನ್ನದೇ ಟೇಬಲ್‌ನಲ್ಲಾ, ಬೇರೆ ಪೋಸ್ಟ್ ಬಗೆಯಾಗಿಯಾ? ಮೊದಲು ಅದನ್ನು ಕೋರ್‌ನ ರೂಪಕ್ಕೆ ಸಾಗಿಸಿ. ಪುಟ ತೆರೆದು ಕಣ್ಣಾರೆ ನೋಡಿ. ಆಮೇಲಷ್ಟೇ ಪ್ಲಗಿನ್ ತೆಗೀರಿ.

ನಾಲ್ಕು, ತೆಗೆಯೋದು ಅಂದ್ರೆ ಪೂರ್ತಿ ಡಿಲೀಟ್. ಆಫ್ ಮಾಡಿ ಬಿಟ್ಟರೆ ಟಿಮ್‌ಥಂಬ್ ನೆನಪಿಸಿಕೊಳ್ಳಿ. ಆದರೆ ಕೆಲವು ಪ್ಲಗಿನ್‌ಗಳು ಡಿಲೀಟ್ ಆಗುವಾಗ ತಮ್ಮ ಡೇಟಾವನ್ನೂ ಅಳಿಸಿಬಿಡ್ತವೆ. ಅದಕ್ಕೇ ಮೂರನೆಯದು ಮುಗೀದೆ ನಾಲ್ಕನೆಯದಕ್ಕೆ ಬರಬೇಡಿ.

ಎಲ್ಲ ಪ್ಲಗಿನ್ ಕೆಟ್ಟದ್ದು ಅಂತ ಅಲ್ಲ. ಟ್ಯಾಗ್ ಪ್ಲಗಿನ್‌ಗಳು ಮೊದಲು ಬರದಿದ್ದರೆ ಟ್ಯಾಗ್ ಬೇಕು ಅಂತ ಕೋರ್‌ಗೆ ಗೊತ್ತಾಗ್ತಾನೇ ಇರಲಿಲ್ಲ. ನುಡಿ, ಬರಹ ಇಲ್ಲದಿದ್ದರೆ ಯುನಿಕೋಡ್ ಬರೋವರೆಗೆ ಕನ್ನಡ ಕೈಕಟ್ಟಿ ಕೂರಬೇಕಿತ್ತು. ಅವುಗಳ ಕೆಲಸ ಮುಗಿದಾಗ ಕೃತಜ್ಞತೆಯಿಂದ ಬೀಳ್ಕೊಡಿ, ಅವು ಹೊತ್ತಿದ್ದ ಗಂಟನ್ನು ಇಳಿಸಿಕೊಂಡು.

2014ರ ಸಾಹಿತ್ಯ ಸ್ಪರ್ಧೆಯಲ್ಲಿ ಬಹುಮಾನ ಬಂದ ಯಾವುದೋ ಅಕ್ಕನ ಕವಿತೆ ನಿಮ್ಮ ಕಾಲೇಜಿನ ಸೈಟ್‌ನ ಒಂದು ಕಂಸದೊಳಗೆ ಸಿಕ್ಕಿಕೊಂಡಿರಬಹುದು. ಅವರ ಹತ್ತಿರ ಪಾಸ್‌ವರ್ಡ್ ಇಲ್ಲ. ನಿಮ್ಮ ಹತ್ತಿರ ಇದೆ.

ಸೇವ್ ಮಾಡ್ಕೊಳ್ಳಿ, ನಿಮ್ಮ ಕಾಲೇಜಿನ ಸೈಟ್ ನೋಡಿಕೊಳ್ಳುವ ಗೆಳೆಯರಿಗೆ ಕಳಿಸಿ.

#ಕನ್ನಡದಲ್ಲಿಟೆಕ್ #ವೆಬ್‌ಇತಿಹಾಸ #ವರ್ಡ್‌ಪ್ರೆಸ್ #ಯುನಿಕೋಡ್ #ಸರಣಿ